ಎದೆ ತುಂಬಾ ಪೌಚ್ ಬೇಕಿಲ್ಲ: ರೈಫಲ್ ಕ್ಲಾಸಿಗೆ ಚೆಸ್ಟ್ ರಿಗ್ ಆರಿಸುವ, ಬಳಸುವ ಬಗೆ

ಅಮೆರಿಕದಲ್ಲಿ ಎರಡು ದಿನದ ಕಾರ್ಬೈನ್ (ಗಿಡ್ಡ ರೈಫಲ್) ಕ್ಲಾಸಿಗೆ ಹೆಸರು ಕೊಟ್ಟರೆ ಮೊದಲು ಬರುವುದು ಸಾಮಾನಿನ ಪಟ್ಟಿ. ರೈಫಲ್, ಅದನ್ನು ಹೆಗಲಿಗೆ ನೇತುಹಾಕುವ ಪಟ್ಟಿಯಾದ ಸ್ಲಿಂಗ್, ಕಣ್ಣಿಗೆ ಕನ್ನಡಕ, ಕಿವಿಗೆ ಇಯರ್‌ಮಫ್, 500ರಿಂದ 1000 ತೋಟಾ. ಕೊನೆಯಲ್ಲಿ ಒಂದು ಸಾಲು: ಮ್ಯಾಗಜೀನ್ (ರೈಫಲ್ಲಿಗೆ ಸಿಕ್ಕಿಸುವ ತೋಟಾ ಡಬ್ಬಿ) ಇಟ್ಟುಕೊಳ್ಳಲು ಬೆಲ್ಟ್ ಪೌಚ್ ಅಥವಾ ಚೆಸ್ಟ್ ರಿಗ್. ಉಳಿದ ಸಾಮಾನನ್ನೆಲ್ಲ ಅರ್ಧ ಗಂಟೆಯಲ್ಲಿ ಕೊಂಡು ಮುಗಿಸಬಹುದು. ಈ ಕೊನೆಯ ಸಾಲಿಗೆ ಮಾತ್ರ ಜನ ರಾತ್ರಿಯೆಲ್ಲ ವಿಡಿಯೋ ನೋಡುತ್ತಾರೆ. ಆರು ಮ್ಯಾಗಜೀನ್, ರೇಡಿಯೋ, ಮ್ಯಾಪು, ಟಾರ್ಚು ಎಲ್ಲ ಹಿಡಿಸುವ ದೊಡ್ಡದೊಂದನ್ನು ತರಿಸುತ್ತಾರೆ. ಕ್ಲಾಸಿನ ಮೊದಲ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಅದು ಕಾರಿನ ಡಿಕ್ಕಿಯಲ್ಲಿ ಬಿದ್ದಿರುತ್ತದೆ.

ಚೆಸ್ಟ್ ರಿಗ್ ಅಂದರೆ ಎದೆಗೆ ಅಡ್ಡಲಾಗಿ ಕಟ್ಟಿಕೊಳ್ಳುವ ಜೇಬುಗಳ ಸಾಲು. ಹೆಗಲ ಮೇಲಿಂದ ಎರಡು ಪಟ್ಟಿ, ಬೆನ್ನ ಸುತ್ತ ಒಂದು ಪಟ್ಟಿ. ಬೆನ್ನು ಹೆಚ್ಚುಕಡಿಮೆ ಖಾಲಿ. ಗುಂಡು ತಡೆಯುವ ಪ್ಲೇಟ್ ಇದರಲ್ಲಿ ಇರುವುದಿಲ್ಲ. ಅದಿರುವುದು ಪ್ಲೇಟ್ ಕ್ಯಾರಿಯರ್‌ನಲ್ಲಿ. ಅದರ ತೂಕ, ಬೆಲೆ, ಕೆಲಸ ಎಲ್ಲ ಬೇರೆ. ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ, ಹಾಗಾಗಿ ಹೊಸಬರು ಬೆರೆಸಿಬಿಡುತ್ತಾರೆ. ಚೆಸ್ಟ್ ರಿಗ್ ಬರೀ ಬಟ್ಟೆ, ಅದು ಯಾವ ಗುಂಡನ್ನೂ ತಡೆಯುವುದಿಲ್ಲ.

ಇದು ಈಚಿನ ಫ್ಯಾಷನ್ ಏನಲ್ಲ. ಎಕೆ-47ರ ಚೀನೀ ರೂಪವಾದ ಟೈಪ್ 56 ರೈಫಲ್ಲಿಗೆ ಚೀನಾದವರು ಕ್ಯಾನ್ವಾಸಿನ ರಿಗ್ ಹೊಲಿದಿದ್ದರು. ನಡುವೆ ಮೂರು ಮ್ಯಾಗಜೀನ್ ಜೇಬು, ಅಕ್ಕಪಕ್ಕ ಸಣ್ಣ ಜೇಬುಗಳು, ಮುಚ್ಚಲು ಕಡ್ಡಿಯಂಥ ಗುಂಡಿ. ವಿಯೆಟ್ನಾಂ ಯುದ್ಧದ ಫೋಟೋಗಳಲ್ಲಿ ಉತ್ತರ ವಿಯೆಟ್ನಾಂ ಸೈನಿಕರ ಎದೆ ಮೇಲೆ ಕಾಣುವುದು ಇದೇ. ಆಗ ಅಮೆರಿಕದ ಸೈನಿಕರು ಹೆಚ್ಚಾಗಿ ಸೊಂಟದ ಬೆಲ್ಟಿಗೆ ಕಟ್ಟುತ್ತಿದ್ದರು. ಆದರೂ ಅವರ ನೇವಿ ಸೀಲ್ ಪಡೆಯ ಕೆಲವರು ಶತ್ರುವಿನ ರಿಗ್ಗನ್ನೇ ಎತ್ತಿಕೊಂಡು ಹಾಕಿದರು. 1980ರ ದಶಕದಲ್ಲಿ ಅಫ್ಘಾನಿಸ್ತಾನದಲ್ಲಿದ್ದ ಸೋವಿಯತ್ ಸೈನಿಕರದ್ದೂ ಅದೇ ಕಥೆ. ಸೇನೆ ಕೊಟ್ಟ ಬೆಲ್ಟ್ ಚೀಲ ಬಿಟ್ಟು ಚೀನೀ ರಿಗ್ ಹಾಕಿಕೊಂಡರು. ಕೆಲವರು ತಾವೇ ಹೊಲಿದುಕೊಂಡರು. ಬೆಲ್ಟಿನ ಪೌಚ್ ಕೂತಾಗ ತೊಡೆಗೂ ಸೀಟಿಗೂ ನಡುವೆ ಸಿಕ್ಕಿಕೊಳ್ಳುತ್ತದೆ, ತೆವಳುವಾಗ ನೆಲಕ್ಕೆ ಉಜ್ಜುತ್ತದೆ. ಎದೆ ಮೇಲಿದ್ದರೆ ಕೂತರೂ ನಿಂತರೂ ಕೈಗೆ ಸಿಗುತ್ತದೆ. ವಾಹನದೊಳಗೆ ಗಂಟೆಗಟ್ಟಲೆ ಕೂರಬೇಕಾಗಿ ಬಂದ ಇರಾಕ್ ಯುದ್ಧದ ಕಾಲಕ್ಕೆ ಅಮೆರಿಕದವರಿಗೂ ಇದು ಮಾಮೂಲಿಯಾಯಿತು. ಅಲ್ಲಿಂದ ಸಿವಿಲಿಯನ್ ರೇಂಜುಗಳಿಗೆ ಬಂತು.

ಅಲ್ಲಿಂದ ಬರುವಾಗ ಯುದ್ಧದ ಲೆಕ್ಕಾಚಾರವೂ ಜತೆಗೇ ಬಂದುಬಿಟ್ಟಿತು. ತೊಂದರೆ ಇರುವುದೇ ಇಲ್ಲಿ. ಸೈನಿಕ ತನ್ನ ಇಡೀ ದಿನದ ಸಾಮಾನು ಮೈಮೇಲೆ ಹೊರಬೇಕು. ಕ್ಲಾಸಿಗೆ ಬಂದವನ ಬ್ಯಾಗು ಇಪ್ಪತ್ತು ಹೆಜ್ಜೆ ಹಿಂದೆ, ಟೇಬಲ್ ಕೆಳಗೆ ಇರುತ್ತದೆ. ಅವನ ರಿಗ್ ಮಾಡಬೇಕಾದ ಕೆಲಸ ಒಂದೇ: ರೈಫಲ್ ಖಾಲಿಯಾದ ಗಳಿಗೆಯಲ್ಲಿ, ಕಣ್ಣು ಗುರಿಯ ಕಡೆ ಇರುವಾಗಲೇ, ಎಡಗೈಗೆ ಮುಂದಿನ ಮ್ಯಾಗಜೀನ್ ಸಿಗಬೇಕು. ತುಂಬಿದ ಬಸ್ಸಿನಲ್ಲಿ ನಮ್ಮ ಕಂಡಕ್ಟರ್ ಚೀಲದೊಳಗೆ ಬೆರಳು ಹಾಕಿ, ನೋಡದೆಯೇ ಐದು ರೂಪಾಯಿ ನಾಣ್ಯ ತೆಗೆಯುತ್ತಾನಲ್ವಾ, ಅಷ್ಟೇ. ಅವನ ಚೀಲ ದೊಡ್ಡದಿದೆ ಅಂತಲ್ಲ, ನಾಣ್ಯ ದಿನಾ ಅದೇ ಮೂಲೆಯಲ್ಲಿರುತ್ತದೆ ಅಂತ ಅದು ಸಾಧ್ಯ. ರಿಗ್ ಕೊಳ್ಳುವಾಗ ಈ ಒಂದು ಮಾತು ತಲೆಯಲ್ಲಿದ್ದರೆ ಅರ್ಧ ಗೊಂದಲ ತಾನಾಗಿ ಕರಗುತ್ತದೆ.

ಎಷ್ಟು ಮ್ಯಾಗಜೀನ್?

ಮೂರು. ಜಾಸ್ತಿ ಅಂದರೆ ನಾಲ್ಕು.

5.56 ಮಿ.ಮೀ.ನ 30 ತೋಟಾ ತುಂಬಿದ ಎಆರ್-15 (ಮುಂದೆ ಬರೀ ಎಆರ್) ರೈಫಲ್ಲಿನ ಮ್ಯಾಗಜೀನ್ ಒಂದು ಸುಮಾರು ಅರ್ಧ ಕಿಲೋ ತೂಗುತ್ತದೆ. ಎಕೆಯ ಉಕ್ಕಿನ ಮ್ಯಾಗಜೀನಾದರೆ ತುಂಬಿದಾಗ 800 ಗ್ರಾಂ ಹತ್ತಿರ. ಆರು ಎಆರ್ ಮ್ಯಾಗಜೀನ್ ಕಟ್ಟಿದರೆ ಎದೆ ಮೇಲೆ 3 ಕಿಲೋ ಕೂತಂತೆ. ಮೇಲೆ ಕೈಯಲ್ಲಿ 3 ಕಿಲೋಗೂ ಮಿಕ್ಕಿದ ರೈಫಲ್. 3 ಕಿಲೋ ದೊಡ್ಡದೇನಲ್ಲ ಅನ್ನಿಸಬಹುದು. ಆದರೆ ಆ ಭಾರವೆಲ್ಲ ಮುಂದಕ್ಕೇ ನೇತಾಡುತ್ತದೆ, ಹಿಂದೆ ಸರಿದೂಗಿಸಲು ಏನೂ ಇಲ್ಲ. ಸಂಜೆಗೆ ನೋಯುವುದು ಎದೆಯಲ್ಲ, ಕತ್ತಿನ ಹಿಂಭಾಗ ಮತ್ತು ನಡುಬೆನ್ನು.

ಕ್ಲಾಸಿನ ದಿನ ಹೇಗೆ ಸಾಗುತ್ತದೆ ನೋಡಿ. ಇನ್‌ಸ್ಟ್ರಕ್ಟರ್ ಒಂದು ಪಾಠ ಹೇಳುತ್ತಾರೆ, ಹತ್ತು ಹದಿನೈದು ನಿಮಿಷ ಗುಂಡು ಹಾರಿಸುವುದು, ಮತ್ತೆ ಮಾತು, ಬಿಡುವಿನಲ್ಲಿ ಎಲ್ಲರೂ ಟೇಬಲ್ ಹತ್ತಿರ ಹೋಗಿ ಮ್ಯಾಗಜೀನ್ ತುಂಬಿಕೊಳ್ಳುವುದು. ಒಂದೇ ಸುತ್ತಿನಲ್ಲಿ 120 ತೋಟಾ ಖರ್ಚಾಗುವುದು ಕಡಿಮೆ. ಎಷ್ಟೋ ಸಲ ಮ್ಯಾಗಜೀನ್ ಪೂರ್ತಿ ತುಂಬಬೇಡಿ, ಒಂದರಲ್ಲಿ 5, ಇನ್ನೊಂದರಲ್ಲಿ 8, ಮತ್ತೊಂದರಲ್ಲಿ 3 ಹಾಕಿ ಅಂತ ಅವರೇ ಹೇಳುತ್ತಾರೆ. ಯಾವಾಗ ಖಾಲಿಯಾಗುತ್ತದೋ ಗೊತ್ತಿಲ್ಲದೆ ಬದಲಿಸುವುದನ್ನು ಕಲಿಯಲಿ ಅಂತ. ಹಾಗಾಗಿ ಮೈಮೇಲೆ ಮೂರು, ರೈಫಲ್‌ನಲ್ಲಿ ಒಂದು, ಬ್ಯಾಗಿನಲ್ಲಿ ಇನ್ನೂ ನಾಲ್ಕೈದು ಇದ್ದರೆ ದಿನ ಸಲೀಸು.

ದೊಡ್ಡ ರಿಗ್ಗಿಗೆ ಇನ್ನೊಂದು ಪೀಡೆ ಇದೆ. ಮ್ಯಾಗಜೀನ್ ಮೇಲೆ ಮ್ಯಾಗಜೀನ್, ಎರಡು ಪದರ ಮಾಡಿದರೆ ಎದೆಯಿಂದ ತುಂಬಾ ಮುಂದೆ ಚಾಚುತ್ತದೆ. ಬೋರಲು ಮಲಗಿ ಗುಂಡು ಹೊಡೆಯುವ ಪಾಠ ಬಂದಾಗ ಆ ಪೌಚುಗಳ ಮೇಲೆ ಮೈ ತೂಗುತ್ತದೆ. ಎದೆ ನೆಲಕ್ಕೆ ತಾಗುವುದಿಲ್ಲ, ಮೊಣಕೈ ಸರಿಯಾಗಿ ಊರುವುದಿಲ್ಲ, ಕತ್ತು ಮೇಲಕ್ಕೆ ಮುರಿದುಕೊಂಡಂತೆ ಇರುತ್ತದೆ. ಒಂದೇ ಪದರದ ತೆಳು ರಿಗ್ ಕೊಳ್ಳಲು ನನ್ನ ಮಟ್ಟಿಗೆ ಇದೊಂದೇ ಕಾರಣ ಸಾಕು.

ಬಟ್ಟೆ, ಪೌಚು, ಪಟ್ಟಿ

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಜಾತಿ. ಪೌಚುಗಳನ್ನು ಹೊಲಿದೇ ಕೊಟ್ಟಿರುವುದು ಒಂದು. ಮಾಲಿ (MOLLE) ಎಂಬ, ಪೌಚ್ ಸಿಕ್ಕಿಸುವ ಅಡ್ಡ ಪಟ್ಟಿಗಳಿರುವ ಖಾಲಿ ಹಲಗೆಯಂಥದ್ದು ಇನ್ನೊಂದು. ಅದಕ್ಕೆ ನಮಗೆ ಬೇಕಾದ ಪೌಚ್ ನೇಯ್ದು ಕೂರಿಸಬಹುದು. ಈ ಪಟ್ಟಿಗಳ ಅಳತೆ ಎಲ್ಲ ಕಂಪನಿಯಲ್ಲೂ ಒಂದೇ: 1 ಇಂಚು ಅಗಲದ ಪಟ್ಟಿ, 1 ಇಂಚು ಜಾಗ ಬಿಟ್ಟು ಇನ್ನೊಂದು, ಪ್ರತಿ 1.5 ಇಂಚಿಗೆ ಹೊಲಿಗೆ. ಹಾಗಾಗಿ ಒಬ್ಬರ ಪೌಚ್ ಇನ್ನೊಬ್ಬರ ರಿಗ್ಗಿಗೆ ಕೂರುತ್ತದೆ. ಮೊದಲ ರಿಗ್ಗಿಗೆ ನನ್ನ ಓಟು ಹೊಲಿದು ಬಂದದ್ದಕ್ಕೆ. ಹಗುರ, ತೆಳು, ಜತೆಗೆ ಕೈಕಡಿತಕ್ಕೆ ಸಿಕ್ಕಸಿಕ್ಕ ಪೌಚ್ ಸೇರಿಸುವ ಆಸೆಯೂ ಇರುವುದಿಲ್ಲ. ಬಟ್ಟೆ 500 ಡೆನಿಯರ್ (ನೂಲಿನ ದಪ್ಪದ ಅಳತೆ) ನೈಲಾನ್ ಇದ್ದರೆ ರೇಂಜಿನ ಕೆಲಸಕ್ಕೆ ಧಾರಾಳ. 1000 ಡೆನಿಯರ್ ಇನ್ನೂ ಗಟ್ಟಿ, ಆದರೆ ಬಿರುಸು, ತೂಕವೂ ಜಾಸ್ತಿ.

ಬಟ್ಟೆಗಿಂತ ಪೌಚಿನ ಬಾಯಿ ಮುಖ್ಯ. ಮ್ಯಾಗಜೀನ್ ಬೀಳದಂತೆ ಹಿಡಿಯುವ ಬಗೆ ಹಲವಿವೆ. ಮೇಲೊಂದು ಮುಚ್ಚಳ, ಅದಕ್ಕೆ ವೆಲ್ಕ್ರೋ: ಮಣ್ಣು ಮಳೆಗೆ ಒಳ್ಳೆಯದು, ತೆಗೆಯಲು ನಿಧಾನ. ಮೇಲಿಂದ ಹಾದುಹೋಗುವ ಎಲಾಸ್ಟಿಕ್ ದಾರ: ಗಟ್ಟಿ ಹಿಡಿಯುತ್ತದೆ, ಆದರೆ ತೆಗೆಯುವ ಮೊದಲು ದಾರ ಸರಿಸುವ ಒಂದು ಕೆಲಸ ಹೆಚ್ಚು. ಬರೀ ಎಲಾಸ್ಟಿಕ್ ಬಟ್ಟೆಯ ಪೌಚ್: ಮ್ಯಾಗಜೀನ್ ತೆಗೆದೊಡನೆ ಬಾಯಿ ಮುಚ್ಚಿಕೊಳ್ಳುತ್ತದೆ, ಒಂದೇ ಕೈಯಲ್ಲಿ ವಾಪಸ್ ಹಾಕಲು ಒದ್ದಾಡಬೇಕು. ಒಳಗೆ ಕೈಡೆಕ್ಸ್ ಎಂಬ ಬಾಗಿದ ಪ್ಲಾಸ್ಟಿಕ್ ತಗಡು ಇರುವ ಪೌಚ್: ಬಾಯಿ ಸದಾ ತೆರೆದಿರುತ್ತದೆ, ಮ್ಯಾಗಜೀನ್ ಒತ್ತಿ ಕೂರುತ್ತದೆ, ಎಳೆದರೆ ಸೀದಾ ಬರುತ್ತದೆ. ಎಸ್‌ಟ್ಯಾಕ್ (Esstac) ಕಂಪನಿಯ KYWI ಹೆಸರಿನ ಪೌಚ್ ಈ ಜಾತಿಯದು. ತರಬೇತಿಗೆ ನಾನು ಹೇಳುವುದು ಇದನ್ನೇ.

ಯಾವುದೇ ಆಗಲಿ, ಕೊಂಡ ದಿನವೇ ಒಂದು ಪರೀಕ್ಷೆ ಮಾಡಿ. ಮ್ಯಾಗಜೀನಿಗೆ ನಕಲಿ ತೋಟಾ ತುಂಬಿ ಪೌಚಿಗೆ ಹಾಕಿ, ರಿಗ್ಗನ್ನು ತಲೆಕೆಳಗೆ ಹಿಡಿದು ಜೋರಾಗಿ ಕೊಡವಿ. ಬಿದ್ದರೆ ಬೇಡ. ಬೀಳದೆ ಎರಡು ಕೈಯಲ್ಲಿ ಜಗ್ಗಬೇಕಾಗಿ ಬಂದರೂ ಬೇಡ.

ಪಟ್ಟಿಯಲ್ಲಿ ಎರಡು ನಮೂನೆ: ಬೆನ್ನ ಮೇಲೆ ಕತ್ತರಿಯಂತೆ ದಾಟುವ ಎಕ್ಸ್, ನೇರ ಇಳಿದು ನಡುವೆ ಅಡ್ಡಪಟ್ಟಿ ಇರುವ ಎಚ್. ಎಕ್ಸ್ ಸುಲಭವಾಗಿ ಜಾರುವುದಿಲ್ಲ, ಹಗುರ. ಭಾರ ಜಾಸ್ತಿ ಇದ್ದರೆ ಎಚ್ ಹಿತ. ಮೂರು ಮ್ಯಾಗಜೀನಿಗೆ ಯಾವುದಾದರೂ ನಡೆಯುತ್ತದೆ. ನೋಡಬೇಕಾದದ್ದು ಬೇರೆ: ರೈಫಲ್ಲಿನ ಹಿಂತುದಿ ಭುಜಕ್ಕೆ ಕೂರುವ ಜಾಗದಲ್ಲಿ ಬಕಲ್ಲೋ ದಪ್ಪ ಮೆತ್ತೆಯೋ ಇದೆಯೇ? ಇದ್ದರೆ ಪ್ರತಿ ಸಲ ಹಿಂತುದಿ ಅದರ ಮೇಲೆ ಜಾರುತ್ತದೆ. ಅಂಗಡಿಯಲ್ಲಿ ಬರೀ ಕನ್ನಡಿ ನೋಡಿದರೆ ಇದು ಗೊತ್ತಾಗುವುದಿಲ್ಲ, ಮನೆಯಲ್ಲಿ ಖಾಲಿ ರೈಫಲ್ ಭುಜಕ್ಕೇರಿಸಿದಾಗಲೇ ತಿಳಿಯುವುದು.

ಕಟ್ಟಿಕೊಳ್ಳುವ ಬಗೆ

ಹತ್ತು ಹೊಸಬರಲ್ಲಿ ಎಂಟು ಜನ ರಿಗ್ಗನ್ನು ಹೊಟ್ಟೆಗೆ ಕಟ್ಟುತ್ತಾರೆ. ಕೆಳಗೆ ಇಳಿದಷ್ಟೂ ತೊಂದರೆ: ಕೂತಾಗ ತೊಡೆ ತಾಗಿ ಇಡೀ ರಿಗ್ ಗಲ್ಲಕ್ಕೆ ಏರುತ್ತದೆ, ಓಡುವಾಗ ಕುಣಿಯುತ್ತದೆ, ಬೆಲ್ಟಿನ ಪಿಸ್ತೂಲಿಗೂ ಅಡ್ಡ ಬರುತ್ತದೆ. ಮೊದಲು ಎಲ್ಲ ಪಟ್ಟಿ ಸಡಿಲಿಸಿ. ಮ್ಯಾಗಜೀನ್ ತುಂಬಿಟ್ಟೇ ಹಾಕಿಕೊಳ್ಳಿ, ಖಾಲಿ ರಿಗ್ಗಿನ ಅಳತೆ ಸುಳ್ಳು ಹೇಳುತ್ತದೆ. ಹೆಗಲ ಪಟ್ಟಿ ಎಳೆದು, ರಿಗ್ಗಿನ ಕೆಳ ಅಂಚು ಹೊಕ್ಕುಳಿಗಿಂತ ಮೇಲೆ ಬರುವಂತೆ ಮಾಡಿ. ಮ್ಯಾಗಜೀನ್ ತುದಿ ಎದೆಯ ನಡುವಿಗೆ ಬರುತ್ತದೆ. ಈಗ ತಲೆ ಬಗ್ಗಿಸಿ ಷೂ ನೋಡಿ. ಗಲ್ಲ ತಾಗಿದರೆ ಒಂದು ಬೆರಳು ಇಳಿಸಿ. ಆಮೇಲೆ ಬೆನ್ನ ಪಟ್ಟಿ. ಪೂರ್ತಿ ಉಸಿರೆಳೆಯಲು ಆಗಬೇಕು, ಆದರೆ ನಿಂತಲ್ಲೇ ಕುಪ್ಪಳಿಸಿದರೆ ರಿಗ್ ಎದೆ ಬಿಟ್ಟು ಏಳಬಾರದು. ಎಷ್ಟೋ ಜನ ಈ ಪಟ್ಟಿಯನ್ನು ಸಡಿಲ ಬಿಟ್ಟು ಹೆಗಲ ಪಟ್ಟಿ ಮಾತ್ರ ಬಿಗಿಯುತ್ತಾರೆ, ಆಮೇಲೆ ರಿಗ್ಗೇ ಸರಿಯಿಲ್ಲ ಅಂತ ಬೈಯುತ್ತಾರೆ.

ಹೆಂಗಸರಿಗೆ ಎದೆಗೆ ಅಡ್ಡಲಾಗಿ ಚಪ್ಪಟೆ ಹಲಗೆಯಂತೆ ಕೂರುವ ರಿಗ್ ಹಿಂಸೆ. ಮುಂದೆ ನಡುವೆ ಬಕಲ್ಲಿದ್ದು ಎರಡು ಭಾಗವಾಗಿ ತೆರೆಯುವ ರಿಗ್ಗುಗಳಿವೆ, ಅವನ್ನು ಹಾಕಿ ನೋಡುವುದು ಒಳ್ಳೆಯದು.

ಹೀಗೆ ಕಟ್ಟಿ ನಡೆಯಿರಿ, ಮಂಡಿಯೂರಿ, ಕುರ್ಚಿಯಲ್ಲಿ ಕೂರಿ, ಬೋರಲು ಮಲಗಿ ಏಳಿ. ಸರಿಹೋದ ಮೇಲೆ ಉಳಿದ ಪಟ್ಟಿ ಬಾಲಗಳನ್ನು ಸುರುಳಿ ಸುತ್ತಿ ಎಲೆಕ್ಟ್ರಿಕಲ್ ಟೇಪ್ ಹಾಕಿ. ನೇತಾಡುವ ಬಾಲ ಮ್ಯಾಗಜೀನ್ ಜತೆ ರೈಫಲ್ ಒಳಗೆ ಸಿಕ್ಕಿಕೊಂಡರೆ ಅಲ್ಲಿಗೆ ಆಟ ನಿಂತಂತೆ. ರಿಗ್ ಮೊದಲು, ಸ್ಲಿಂಗ್ ಅದರ ಮೇಲೆ. ಉಲ್ಟಾ ಮಾಡಿದರೆ ರೈಫಲ್ ರಿಗ್ಗಿನ ಕೆಳಗೆ ಬಂದಿಯಾಗುತ್ತದೆ.

ಮ್ಯಾಗಜೀನ್‌ಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿರಲಿ. ಯಾವ ದಿಕ್ಕು ಅನ್ನುವುದನ್ನು ನಿಮ್ಮ ಕೈಯೇ ಹೇಳುತ್ತದೆ. ಮ್ಯಾಗಜೀನನ್ನು ರೈಫಲ್ಲಿಗೆ ತಳ್ಳುವಾಗ ತೋರುಬೆರಳು ಅದರ ಮುಂಭಾಗಕ್ಕೆ, ಗುಂಡಿನ ಮೂತಿ ಇರುವ ಕಡೆಗೆ, ಒರಗಿರಬೇಕು. ಆ ಹಿಡಿತವನ್ನು ನಿಧಾನವಾಗಿ ಹಿಂದಕ್ಕೆ, ಪೌಚಿನವರೆಗೆ ನಡೆಸಿ. ಎಲ್ಲೂ ಹಿಡಿತ ಬದಲಿಸದೆ ಬಂದರೆ ಅದೇ ಸರಿಯಾದ ದಿಕ್ಕು.

ಇನ್ನು ಟೂರ್ನಿಕೆಟ್, ರಕ್ತ ನಿಲ್ಲಿಸುವ ಬಿಗಿಪಟ್ಟಿ. ರಿಗ್ಗಿನಲ್ಲಿ ಮ್ಯಾಗಜೀನ್ ಬಿಟ್ಟರೆ ನಾನು ಒಪ್ಪುವ ಸಾಮಾನು ಇದೊಂದೇ. ಎರಡೂ ಕೈಗೆ ಎಟುಕುವಂತೆ ನಡುವೆ ಇಡಿ, ಪ್ಲಾಸ್ಟಿಕ್ ಕವರ್ ಬಿಚ್ಚಿಯೇ ಇಡಿ. ರಕ್ತ ಹತ್ತಿದ ಕೈಯಲ್ಲಿ ಆ ಕವರ್ ಹರಿಯುವುದಿಲ್ಲ. ಹೆಚ್ಚು ಬಳಕೆಯಲ್ಲಿರುವ ಕ್ಯಾಟ್ (CAT) ಟೂರ್ನಿಕೆಟ್ಟಿಗೆ ಅಗ್ಗದ ನಕಲುಗಳು ಬೇಕಾದಷ್ಟಿವೆ, ಬಿಗಿಯುವಾಗ ಆ ನಕಲುಗಳ ತಿರುಗಿಸುವ ಕಡ್ಡಿ ಮುರಿಯಬಹುದು. ಇಲ್ಲಿ ಹತ್ತು ಡಾಲರ್ ಉಳಿಸಬೇಡಿ. ಕೊಂಡು ಇಟ್ಟುಕೊಂಡರೆ ಸಾಲದು, ಬಳಸುವುದನ್ನು ಕಲಿತಿರಬೇಕು.

ಕೈಗೆ ರೂಢಿಯಾಗುವುದು

ಎಆರ್ ಖಾಲಿಯಾದಾಗ ಬೋಲ್ಟ್ (ತೋಟಾವನ್ನು ಒಳಕ್ಕೆ ತಳ್ಳುವ ಭಾಗ) ಹಿಂದಕ್ಕೆ ಸರಿದು ನಿಲ್ಲುತ್ತದೆ. ಬೆರಳು ಟ್ರಿಗರ್ ಬಿಟ್ಟಿತು. ರೈಫಲ್ ಮುಖದ ಎತ್ತರದಲ್ಲೇ, ಮೂತಿ ಗುರಿಯ ಕಡೆಯೇ. ಬಲಗೈ ಬೆರಳು ಮ್ಯಾಗಜೀನ್ ಗುಂಡಿ ಒತ್ತುವ ಹೊತ್ತಿಗೆ ಎಡಗೈ ರಿಗ್ಗಿನತ್ತ ಹೋಗಿರುತ್ತದೆ. ಖಾಲಿ ಮ್ಯಾಗಜೀನ್ ನೆಲಕ್ಕೆ ಬೀಳಲಿ. ಹೊಸದನ್ನು ತಳ್ಳಿ, ಒಮ್ಮೆ ಕೆಳಕ್ಕೆ ಜಗ್ಗಿ ಕೂತಿದೆಯೇ ನೋಡಿ, ಬೋಲ್ಟ್ ಬಿಡಿ. ಈ ಜಗ್ಗುವ ಹೆಜ್ಜೆಯನ್ನು ಅವಸರದಲ್ಲಿ ನುಂಗುವವರೇ ಜಾಸ್ತಿ. ಅರ್ಧ ಕೂತ ಮ್ಯಾಗಜೀನ್ ಒಂದು ಗುಂಡಿಗೇ ಕಳಚಿ ಕಾಲ ಮೇಲೆ ಬೀಳುತ್ತದೆ.

ಬಿಡುವಿನ ಹೊತ್ತಿನಲ್ಲಿ ಅರ್ಧ ತುಂಬಿದ ಮ್ಯಾಗಜೀನ್ ಬದಲಿಸಿದರೆ ಅದನ್ನು ರಿಗ್ಗಿನ ಪೌಚಿಗೆ ವಾಪಸ್ ಹಾಕಬೇಡಿ. ಪ್ಯಾಂಟಿನ ಹಿಂದಿನ ಜೇಬಿಗೋ, ಬಳಸಿದ ಮ್ಯಾಗಜೀನ್ ಹಾಕುವ ಸೊಂಟದ ಚೀಲವಾದ ಡಂಪ್ ಪೌಚಿಗೋ ಹೋಗಲಿ. ರಿಗ್ಗಿನಲ್ಲಿ ಇರುವುದು ಯಾವಾಗಲೂ ತುಂಬಿದ್ದೇ ಅನ್ನುವ ನಂಬಿಕೆ ಕೈಗೆ ಇರಬೇಕು. ಬೆಲ್ಟಿನಲ್ಲೂ ಒಂದು ಮ್ಯಾಗಜೀನ್ ಇದ್ದರೆ ಮೊದಲು ಅದನ್ನು ಬಳಸಿ, ಆಮೇಲೆ ರಿಗ್ಗಿನಿಂದ ತೆಗೆದು ಬೆಲ್ಟ್ ತುಂಬಿಸಿಕೊಳ್ಳುವುದು ಹಲವರ ಕ್ರಮ.

ಇದು ರೇಂಜಿನಲ್ಲಿ ಕಲಿಯುವುದಕ್ಕಿಂತ ಮನೆಯಲ್ಲಿ ಕಲಿಯುವುದೇ ಹೆಚ್ಚು, ಖರ್ಚೂ ಇಲ್ಲ. ರೈಫಲ್ ಖಾಲಿ ಮಾಡಿ, ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ಖಚಿತ ಮಾಡಿಕೊಳ್ಳಿ. ಅಸಲಿ ತೋಟಾ ಆ ಕೋಣೆಯಲ್ಲೇ ಇರಬಾರದು. ಮ್ಯಾಗಜೀನಿನಲ್ಲಿ ನಕಲಿ ತೋಟಾ ಇರಲಿ. ಖಾಲಿ ಮ್ಯಾಗಜೀನ್ ಹಗುರವಾಗಿ ಬರುವುದರಿಂದ ಕೈಗೆ ತಪ್ಪು ಅಂದಾಜು ಸಿಗುತ್ತದೆ. ಮೊದಲು ನಿಧಾನ, ಆಮೇಲೆ ಕಣ್ಣುಮುಚ್ಚಿ. ಕೈ ಪ್ರತಿ ಸಲ ಪೌಚಿಗಿಂತ ಕೆಳಗೆ ಹೋಗುತ್ತಿದ್ದರೆ ಪೌಚನ್ನೇ ಇಳಿಸಿ ಅಥವಾ ಪಕ್ಕಕ್ಕೆ ಸರಿಸಿ.

ರಿಗ್ ಹಾಕಿದವರಿಗೆ ರೇಂಜಿನಲ್ಲಿ ಒಂದು ವಿಶೇಷ ಕಾಟ ಇದೆ. ಪಕ್ಕದವನ ರೈಫಲ್ಲಿನಿಂದ ಹಾರಿದ ಬಿಸಿ ಹಿತ್ತಾಳೆ ಖೋಲು ಬಂದು ರಿಗ್ಗಿಗೂ ಅಂಗಿಗೂ ನಡುವೆ, ಇಲ್ಲವೇ ಕಾಲರ್ ಒಳಗೆ ಇಳಿಯುತ್ತದೆ. ಸಡಿಲ ಅಂಗಿಯಾದರೆ ಉದುರೀತು. ಬಿಗಿದು ಕಟ್ಟಿದ ರಿಗ್ಗಿನ ಹಿಂದೆ ಸಿಕ್ಕಿದರೆ ಚುರುಕ್ ಅನ್ನುತ್ತಲೇ ಇರುತ್ತದೆ. ಆಗ ಕುಣಿಯುವುದು ಸಹಜ, ಕುಣಿಯುವಾಗ ರೈಫಲ್ ಮೂತಿ ಸಾಲಿನ ಜನರ ಕಡೆ ತಿರುಗುವುದೂ ಸಹಜ, ಅದೇ ಅಪಾಯ. ಬೆರಳು ಟ್ರಿಗರ್‌ನಿಂದ ಹೊರಗೆ, ಸೇಫ್ಟಿ ಹಾಕಿ, ಮೂತಿ ಗುರಿಯ ದಿಕ್ಕಿಗೇ ಇರಲಿ, ಆಮೇಲೆ ಖೋಲು ತೆಗೆಯಿರಿ. ಸುಟ್ಟ ಗಾಯ ಆಮೇಲೆ ಮಾಯುತ್ತದೆ. ಮೊದಲೇ ಕತ್ತಿನವರೆಗೆ ಮುಚ್ಚುವ ಅಂಗಿ ಹಾಕಿ ಹೋದರೆ ಇನ್ನೂ ಒಳ್ಳೆಯದು.

ರೇಂಜಿನ ಧೂಳಿನಲ್ಲಿ ಸೀಸ ಇರುತ್ತದೆ, ರಿಗ್ಗಿನ ಬಟ್ಟೆ ಅದನ್ನು ಹೀರಿಕೊಳ್ಳುತ್ತದೆ. ಮನೆಗೆ ಬಂದು ಡೈನಿಂಗ್ ಟೇಬಲ್ ಮೇಲೆ ಹಾಕಬೇಡಿ, ಮಕ್ಕಳ ಕೈಗಂತೂ ಬೇಡ. ಆಗಾಗ ಬಕೆಟ್ಟಿನಲ್ಲಿ ಸೋಪು ನೀರು ಹಾಕಿ ಕೈಯಲ್ಲೇ ಒಗೆದು ನೆರಳಿನಲ್ಲಿ ಒಣಗಿಸಿ. ಡ್ರೈಯರ್ ಬೇಡ.

ವೀಸಾ, ರಾಜ್ಯ, ವಿಮಾನ

ಕನ್ನಡಿಗರಿಗೆ ಬೇರೆ ಯಾರೂ ಹೇಳದ ಭಾಗ ಇದು. ಎಚ್1ಬಿ, ಎಚ್4, ಎಲ್1, ಎಫ್1 ಥರದ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕಾಗಲಿ ತೋಟಾ ಆಗಲಿ ಹೊಂದುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ರೇಂಜಿನಲ್ಲಿ ಬಾಡಿಗೆಗೆ ಪಡೆದು ಕೈಯಲ್ಲಿ ಹಿಡಿಯುವುದೂ ಇದರೊಳಗೆ ಬರುತ್ತದೆ. ಇದಕ್ಕೆ ಕೆಲವು ವಿನಾಯಿತಿಗಳಿವೆ. ಹೆಚ್ಚು ಜನ ಬಳಸುವುದು ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಗೆಳೆಯರ ಜತೆ ಸುಮ್ನೆ ಹೋಗಿ ಒಂದು ಮ್ಯಾಗಜೀನ್ ಹೊಡೆದು ಬಂದೆ ಅನ್ನುವುದು ಇಮಿಗ್ರೇಷನ್ ಕಡತದಲ್ಲಿ ಸುಮ್ನೆ ಆಗಿ ಉಳಿಯುವುದಿಲ್ಲ. ಕ್ಲಾಸಿಗೆ ದುಡ್ಡು ಕಟ್ಟುವ ಮೊದಲು ವಕೀಲರ ಹತ್ತಿರ ಒಂದು ಮಾತು ಕೇಳಿ.

ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿಯಲ್ಲಿ ಮ್ಯಾಗಜೀನಿಗೆ 10 ತೋಟಾ ಮಿತಿ. ಟೆಕ್ಸಾಸಿನಲ್ಲಿ ಇಂಥ ಮಿತಿ ಇಲ್ಲ. ಇದು ರಿಗ್ಗಿಗೂ ಸಂಬಂಧಪಟ್ಟ ವಿಷಯ: 10ರ ಗಿಡ್ಡ ಮ್ಯಾಗಜೀನ್ 30ರ ಪೌಚಿನೊಳಗೆ ಮುಳುಗಿಹೋಗುತ್ತದೆ, ಬೆರಳಿಗೆ ಸಿಗುವುದಿಲ್ಲ. 30ರ ಉದ್ದವೇ ಇದ್ದು ಒಳಗೆ 10 ಮಾತ್ರ ಹಿಡಿಸುವಂತೆ ತಡೆ ಹಾಕಿದ ಮ್ಯಾಗಜೀನ್ ಸಿಗುತ್ತವೆ. ಅಥವಾ 20ರ ಮ್ಯಾಗಜೀನಿಗೆಂದು ಹೊಲಿದ ಗಿಡ್ಡ ಪೌಚ್ ನೋಡಬಹುದು.

ಭಾರತದಲ್ಲಿ ಜನಸಾಮಾನ್ಯರಿಗೆ ಇಂಥ ರೈಫಲ್ ಸಿಗುವುದಿಲ್ಲ, ಬೆಂಗಳೂರಿನ ರೇಂಜುಗಳಲ್ಲಿ 10 ಮೀಟರ್ ಏರ್ ರೈಫಲ್ ಹೊಡೆಯುವವರು ಹಾಕುವುದು ಬಿರುಸು ಕ್ಯಾನ್ವಾಸಿನ ಜಾಕೆಟ್, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೆ ನಿಮ್ಮ ರಿಗ್ಗಿಗೂ ಕೆಂಪೇಗೌಡ ವಿಮಾನ ನಿಲ್ದಾಣಕ್ಕೂ ಸಂಬಂಧ ಬರಬಹುದು. ಪೌಚಿನ ಮೂಲೆಯಲ್ಲೋ, ರೇಂಜಿಗೆ ಒಯ್ದ ಬ್ಯಾಗಿನ ಲೈನಿಂಗ್ ಒಳಗೋ ಉಳಿದ ಒಂದೇ ಒಂದು ಜೀವಂತ ತೋಟಾ ಭಾರತದ ಎಕ್ಸ್‌ರೇಯಲ್ಲಿ ಕಂಡರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು. ತಿಳಿಯದೆ ಬಂದದ್ದು ಅಂತ ಕೋರ್ಟುಗಳು ಇಂಥ ಕೇಸುಗಳನ್ನು ರದ್ದು ಮಾಡಿದ ಉದಾಹರಣೆಗಳು ಹಲವಿವೆ, ಆದರೆ ಅಲ್ಲಿಯವರೆಗೆ ಪೊಲೀಸ್ ಠಾಣೆ, ವಕೀಲರು, ತಪ್ಪಿದ ವಿಮಾನ. ರೇಂಜಿಗೆ ಒಂದು ಬ್ಯಾಗು ಬೇರೆಯೇ ಇಡಿ, ಅದರ ಮೇಲೆ ಕಾಣುವಂತೆ ಹೆಸರು ಬರೆಯಿರಿ, ಮನೆಯವರಿಗೂ ಹೇಳಿರಿ. ಊರಿಂದ ಬಂದ ಅಪ್ಪ ಅಮ್ಮ ವಾಪಸ್ ಹೋಗುವಾಗ ಸಾಮಾನು ಜಾಸ್ತಿಯಾಯಿತೆಂದು ಕಪಾಟಿನಲ್ಲಿ ಕಂಡ ಗಟ್ಟಿ ಬ್ಯಾಗನ್ನೇ ಎತ್ತಿಕೊಳ್ಳುವುದು ತೀರಾ ಸಾಮಾನ್ಯ.